‘ಎಲ್ ಅಪೋಸ್ತಲ್’ ಚಿತ್ರದ 58,000 ಫ್ರೇಮುಗಳು: ಲೆಕ್ಕ ಮತ್ತು ಕಾಲನಿರ್ಣಯ

ಅರ್ಜೆಂಟೀನಾದ ಕ್ವಿರಿನೊ ಕ್ರಿಸ್ತಿಯಾನಿಯ 1917ರ ಅನಿಮೇಷನ್ ಚಿತ್ರ ‘ಎಲ್ ಅಪೋಸ್ತಲ್’ ಕುರಿತು ಬರೆದವರೆಲ್ಲ ತಪ್ಪದೆ ಕೊಡುವ ಸಂಖ್ಯೆ 58,000. ಇವರಲ್ಲಿ ಹಲವರು ಅದನ್ನು ‘ಕೈಯಿಂದ ಬಿಡಿಸಿದ 58,000 ಚಿತ್ರಗಳು’ ಎಂದು ಬರೆದು ಮುಂದೆ ಹೋಗುತ್ತಾರೆ. ಅದೇ ಬರಹದಲ್ಲಿ, ಕೆಲವೊಮ್ಮೆ ಅದೇ ಪುಟದಲ್ಲಿ, ಚಿತ್ರವನ್ನು ರಟ್ಟಿನಿಂದ ಕತ್ತರಿಸಿದ ಬೊಂಬೆಗಳಿಂದ ಮಾಡಲಾಯಿತು ಎಂಬ ಮಾತೂ ಇರುತ್ತದೆ. ಇವೆರಡೂ ಒಟ್ಟಿಗೆ ನಿಲ್ಲಲಾರವು. ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಿರ್ಮಾಪಕ ಫೆಡೆರಿಕೊ ವಾಲೆಯ ದಾಸ್ತಾನಿಗೆ 1926ರಲ್ಲಿ ಬಿದ್ದ ಬೆಂಕಿಯಲ್ಲಿ ಅದು ಹೋಯಿತು. ನೋಡಿ ಪರಿಶೀಲಿಸಲು ಚಿತ್ರವೇ ಇಲ್ಲದ ಕಡೆ ಸಂಖ್ಯೆಗಳನ್ನೂ ಇಸವಿಗಳನ್ನೂ ಇನ್ನಷ್ಟು ಬಿಗಿಯಾಗಿ ಓದಬೇಕಿತ್ತು. ಆ ಕೆಲಸವೇ ನಡೆದಿಲ್ಲ.

ನನ್ನ ಜಗಳ ಜನ್ನಲ್ಬೆರ್ತೊ ಬೆಂದಾತ್ಸಿಯವರ ಜೊತೆಗಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. 1983ರಲ್ಲಿ ಇಟಾಲಿಯನ್ನಿನಲ್ಲಿ ಅವರು ಬರೆದ ಜೀವನಚರಿತ್ರೆ ಇಲ್ಲದಿದ್ದರೆ ಕ್ರಿಸ್ತಿಯಾನಿಯ ಹೆಸರು ಅರ್ಜೆಂಟೀನಾದ ಆಚೆಗೆ ಅಳಿದೇ ಹೋಗುತ್ತಿತ್ತು. ಈ ಕ್ಷೇತ್ರದಲ್ಲಿ ಕೆಲಸ ಮಾಡುವ ಯಾರೂ ಅವರ ಋಣ ತೀರಿಸಲಾರರು. ನನ್ನ ತಕರಾರು ಅವರ ಪುಸ್ತಕವನ್ನು ತೆರೆಯದೆ, ಅದರಿಂದ ಹೊರಟ ಎರಡು ಮೂರು ಅಂಕಿಗಳನ್ನು ಕೈಯಿಂದ ಕೈಗೆ ದಾಟಿಸುತ್ತ ಬಂದವರ ಮೇಲೆ.

ಮೊದಲು ಅಂಕಿಗಳು. 58,000 ಫ್ರೇಮು, ಸೆಕೆಂಡಿಗೆ 14 ಫ್ರೇಮಿನ ವೇಗ, 70 ನಿಮಿಷದ ಅವಧಿ. ಈ ಮೂರನ್ನೂ ಮೂರು ಸಾಕ್ಷಿಗಳೆಂಬಂತೆ ಮಂಡಿಸುವುದು ರೂಢಿ. ಭಾಗಿಸಿ ನೋಡಿ: 58,000ವನ್ನು 14ರಿಂದ ಭಾಗಿಸಿದರೆ 4,143 ಸೆಕೆಂಡು, ಅಂದರೆ 69 ನಿಮಿಷ. ಯಾವ ಎರಡನ್ನು ಹಿಡಿದರೂ ಮೂರನೆಯದು ತಾನಾಗಿ ಬಂದುಬಿಡುತ್ತದೆ. ಹಾಗಾಗಿ ಇಲ್ಲಿರುವುದು ಹೆಚ್ಚೆಂದರೆ ಎರಡು ಸಾಕ್ಷಿ; ಮೂರನೆಯದು ಯಾರೋ ಕೂತು ಹಾಕಿದ ಲೆಕ್ಕವಾಗಿರಬಹುದು. ನನ್ನ ಅನುಮಾನ ವೇಗದ ಮೇಲೆ. ಮೂಕಿಚಿತ್ರಗಳ ಕಾಲದಲ್ಲಿ ಪ್ರೊಜೆಕ್ಟರಿನ ವೇಗ ಊರಿಂದೂರಿಗೆ, ಥಿಯೇಟರಿನಿಂದ ಥಿಯೇಟರಿಗೆ ಬೇರೆಯಾಗುತ್ತಿತ್ತು. ಇಡೀ ಪ್ರದರ್ಶನಕ್ಕೆ ಒಂದೇ ಅಂಕಿ ಹಚ್ಚುವುದು ಕಷ್ಟ.

ಈ ಅನುಮಾನವನ್ನೇ ಹಿಡಿದು ಕ್ರಿಸ್ತಿಯಾನಿಗೆ ‘ಮೊದಲ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರ’ದ ಮನ್ನಣೆ ಕೊಡಲು ಹಿಂಜರಿಯುವವರಿದ್ದಾರೆ. ಅವರು ಲೆಕ್ಕವನ್ನು ಕೊನೆಯವರೆಗೆ ಮಾಡಿಲ್ಲ. ಸೆಕೆಂಡಿಗೆ 16 ಫ್ರೇಮು ಹಿಡಿದರೆ ಅವಧಿ 60 ನಿಮಿಷ; 18 ಹಿಡಿದರೆ ಸುಮಾರು 54. ಆ ಕಾಲಕ್ಕೆ ಒಪ್ಪದ, ಟಾಕಿ ಯುಗದ 24 ಫ್ರೇಮಿನ ವೇಗ ಹೇರಿದರೂ 40 ನಿಮಿಷ ದಾಟುತ್ತದೆ. ಪೂರ್ಣಪ್ರಮಾಣದ ಚಿತ್ರಕ್ಕೆ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಇಟ್ಟ ಗೆರೆ 40 ನಿಮಿಷ. 35 ಎಂ.ಎಂ. ಫಿಲ್ಮಿನ ಒಂದು ಅಡಿಗೆ 16 ಫ್ರೇಮಿನಂತೆ 58,000 ಫ್ರೇಮು ಎಂದರೆ 3,625 ಅಡಿ. ಸಾವಿರ ಅಡಿಯ ರೀಲುಗಳಲ್ಲಿ ಹೇಳುವುದಾದರೆ ನಾಲ್ಕಕ್ಕೆ ತುಸು ಕಡಿಮೆ. ಫ್ರೇಮುಗಳ ಸಂಖ್ಯೆ ನಿಜವಾದರೆ ವೇಗದ ಚರ್ಚೆ ಚಿತ್ರದ ಸ್ಥಾನವನ್ನು ಅಲುಗಿಸುವುದಿಲ್ಲ. (ಲೋಟೆ ರೈನಿಗರ್ ಅವರ 1926ರ ‘ರಾಜಕುಮಾರ ಅಖ್ಮದ್’ ಉಳಿದಿರುವ ಪೂರ್ಣಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಅತಿ ಹಳೆಯದು. ‘ಉಳಿದಿರುವ’ ಎಂಬ ಮಾತನ್ನು ಬಿಟ್ಟು ಬರೆಯುವವರು ಆ ಮಹಾ ಕಲಾವಿದೆಗೂ ಉಪಕಾರ ಮಾಡುತ್ತಿಲ್ಲ.)

ಹಾಗಾದರೆ 58,000 ನಿಜವೇ? ಇದಕ್ಕೆ ಉತ್ತರ ಹುಡುಕುವಾಗ ಎದುರಾಗುವುದು ಯಾರೂ ಕಣ್ಣೆತ್ತಿ ನೋಡದ ಒಂದು ಇಸವಿ.

‘ಎಲ್ ಅಪೋಸ್ತಲ್’ಗೆ ಮೊದಲು ಕ್ರಿಸ್ತಿಯಾನಿ ವಾಲೆಯ ಸುದ್ದಿಚಿತ್ರಕ್ಕಾಗಿ ‘ಬ್ಯೂನಸ್ ಐರಿಸ್ ಪ್ರಾಂತ್ಯದಲ್ಲಿ ಮಧ್ಯಪ್ರವೇಶ’ ಎಂಬ ಪುಟ್ಟ ಚಿತ್ರ ಮಾಡಿದ. ವಾಲೆ ಅವನಿಗೆ ಎಮಿಲ್ ಕೋಲ್‌ನ ಬೆಂಕಿಕಡ್ಡಿಗಳ ಚಿತ್ರ (1908) ತೋರಿಸಿ, ಒಂದೊಂದೇ ಫ್ರೇಮು ಹಿಡಿಯುವ ಗುಟ್ಟನ್ನು ಕಲಿಯಲು ಬಿಟ್ಟಿದ್ದು ಈ ಹಂತದಲ್ಲಿ. ಪಟ್ಟಿಗಳೆಲ್ಲ ಈ ಪುಟ್ಟ ಚಿತ್ರಕ್ಕೆ 1916 ಎಂದು ಹಾಕುತ್ತವೆ. ಆದರೆ ಅದರ ವಸ್ತು ಏನು? ಅಧ್ಯಕ್ಷ ಇಪೊಲಿತೊ ಇರಿಗೋಯೆನ್ ಪ್ರಾಂತ್ಯದ ಗವರ್ನರ್ ಮಾರ್ಸೆಲಿನೊ ಉಗಾರ್ತೆಯನ್ನು ಕಿತ್ತುಹಾಕಿದ್ದು. ನಮ್ಮಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರಿದ ಹಾಗೆ, ಅಲ್ಲಿನ ಕೇಂದ್ರ ಸರ್ಕಾರ ಪ್ರಾಂತ್ಯದ ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಆ ಆದೇಶ ಹೊರಟದ್ದು 1917ರ ಏಪ್ರಿಲ್ 24ರಂದು. ಇರಿಗೋಯೆನ್ ಅಧಿಕಾರಕ್ಕೆ ಬಂದದ್ದೇ 1916ರ ಅಕ್ಟೋಬರ್ 12ರಂದು. ಇನ್ನೂ ನಡೆಯದ ಘಟನೆಯನ್ನು ಸುದ್ದಿಚಿತ್ರ ತೋರಿಸಲು ಹೇಗೆ ಸಾಧ್ಯ?

ಎದುರುವಾದ ಒಂದುಂಟು. ಇರಿಗೋಯೆನ್ ಮತ್ತು ಉಗಾರ್ತೆ ನಡುವಿನ ಹಗೆತನ ಮೊದಲಿಂದಲೂ ಇತ್ತು. ಆದೇಶಕ್ಕೆ ಮುಂಚೆಯೇ, ಬರಲಿರುವ ಮಧ್ಯಪ್ರವೇಶವನ್ನು ಊಹಿಸಿ ವ್ಯಂಗ್ಯ ಮಾಡಿರಬಹುದು. ಇದನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಪದಚ್ಯುತಿಯನ್ನೇ ಕಥೆಯೆಂದು ಹೇಳಿ, ಜೊತೆಗೆ 1916 ಎಂದೂ ಬರೆಯುವವರು ಈ ವಾದವನ್ನು ಎತ್ತಿದ್ದೇ ಇಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಸುಮ್ಮನಾಗಿದ್ದಾರೆ. ಸುದ್ದಿಚಿತ್ರದ ಸ್ವಭಾವ ಬಲ್ಲವರಿಗೆ 1917ರ ಏಪ್ರಿಲ್ ಕೊನೆ ಅಥವಾ ಮೇ ತಿಂಗಳೇ ಹೆಚ್ಚು ಸಹಜವಾಗಿ ಕಾಣಬೇಕು. ನಾನು ಅದನ್ನೇ ಒಪ್ಪುತ್ತೇನೆ.

ಒಪ್ಪಿದ ಮೇಲೆ ಪರಿಣಾಮ ದೊಡ್ಡದು. ‘ಎಲ್ ಅಪೋಸ್ತಲ್’ ಬಿಡುಗಡೆಯಾದದ್ದು 1917ರ ನವೆಂಬರ್ 9ರಂದು. ಅದರ ಮುಖ್ಯಪಾತ್ರವೂ ಅಧ್ಯಕ್ಷ ಇರಿಗೋಯೆನ್; ಅವನ ಪ್ರಮಾಣವಚನದಿಂದ ಎಣಿಸಿದರೆ ನಡುವೆ 393 ದಿನ. ದಿನಕ್ಕೆ 148 ಫ್ರೇಮು. ಏಪ್ರಿಲ್ 24ರಿಂದ ಎಣಿಸಿದರೆ 199 ದಿನ. ದಿನಕ್ಕೆ 291 ಫ್ರೇಮು, ಭಾನುವಾರಗಳನ್ನು ಬಿಡದೆ, ಸಂಸ್ಕರಣೆಗೂ ಸಂಕಲನಕ್ಕೂ ಸಮಯ ಕಳೆಯದೆ. ಕಥೆ, ಬೊಂಬೆ ತಯಾರಿ ಎಲ್ಲವೂ ಇದರೊಳಗೇ ಆಗಬೇಕು. ವಿನ್ಸರ್ ಮೆಕೇ ತನ್ನ ‘ಲುಸಿಟಾನಿಯ’ ಚಿತ್ರಕ್ಕೆ (1918) 25,000 ರೇಖಾಚಿತ್ರ ಬಿಡಿಸಿದೆನೆಂದು ಸಾರಿಕೊಂಡ. ಸಹಾಯಕರಿದ್ದೂ ಅದಕ್ಕೆ ಹಿಡಿದದ್ದು ಸುಮಾರು 22 ತಿಂಗಳು. ದಿನಕ್ಕೆ 40 ಚಿತ್ರವೂ ಆಗಲಿಲ್ಲ. ಇಪ್ಪತ್ತೊಂದರ ಹರೆಯದ ಕ್ರಿಸ್ತಿಯಾನಿ ದಿನಕ್ಕೆ 291 ಚಿತ್ರ ‘ಬಿಡಿಸಿದ’ ಎನ್ನುವುದು ಭಕ್ತಿಯ ಮಾತು, ಚರಿತ್ರೆಯಲ್ಲ.

ರಟ್ಟಿನ ಬೊಂಬೆಯಲ್ಲಾದರೆ ಮಾತೇ ಬೇರೆ. ಇರಿಗೋಯೆನ್‌ನ ಆಕೃತಿಯನ್ನು ಒಮ್ಮೆ ಬರೆದು, ತಲೆ, ತೋಳು, ಮೊಣಕಾಲುಗಳನ್ನು ಬೇರೆಬೇರೆಯಾಗಿ ಕತ್ತರಿಸಿ ಕೀಲು ಹಾಕಿದರೆ ಆ ಬೊಂಬೆ ಸಾವಿರಾರು ಫ್ರೇಮಿಗೆ ಬಾಳುತ್ತದೆ. ಹಿನ್ನೆಲೆಯ ಹಾಳೆ ಮೇಜಿನ ಮೇಲೆ, ಅದರ ಮೇಲೆ ಬೊಂಬೆ, ಮೇಲಿನಿಂದ ಕೆಳಮುಖವಾಗಿ ಕ್ಯಾಮೆರಾ. ತೋಳನ್ನು ಎಳ್ಳಿನಷ್ಟು ಸರಿಸು, ಕೈ ತೆಗೆ, ಕ್ಯಾಮೆರಾ ಹಿಡಿಕೆ ತಿರುಗಿಸು, ಮತ್ತೆ ಸರಿಸು. ಇಲ್ಲಿ ತಾಳ್ಮೆ ಬೇಕಾದದ್ದು ಬೆರಳಿಗೆ. ಬೊಂಬೆಯ ಪಾದ ಒಮ್ಮೆ ಜರುಗಿದರೆ ತೆರೆಯ ಮೇಲೆ ನಡಿಗೆ ಜಾರಿದಂತೆ ಕಾಣುತ್ತದೆ. ಒಂದೊಂದು ಭಂಗಿಗೆ ಎರಡು ಫ್ರೇಮು, ಮೂರು ನಿಮಿಷದ ಕೆಲಸ ಎಂದಿಟ್ಟುಕೊಂಡರೆ 291 ಫ್ರೇಮಿಗೆ ಏಳು ಗಂಟೆಗಿಂತ ಸ್ವಲ್ಪ ಹೆಚ್ಚು. ಇದು ದುಡಿಮೆಯ ದಿನ, ಪವಾಡವಲ್ಲ. ಮೂಕಿಚಿತ್ರಕ್ಕೆ ಬೇಕಾದ ಬರಹದ ಫಲಕಗಳಲ್ಲಿ ಬೊಂಬೆ ಸರಿಸುವ ಕೆಲಸವೂ ಇಲ್ಲ. ತಡವಾದ ಕಾಲನಿರ್ಣಯದಿಂದ 58,000ದ ಸಂಖ್ಯೆ ಬೀಳುವುದಿಲ್ಲ. ಅದನ್ನು ರೇಖಾಚಿತ್ರಗಳೆಂದು ಓದಿದ ಓದು ಮಾತ್ರ ಬೀಳುತ್ತದೆ.

ಆಕೃತಿಗಳ ವಿನ್ಯಾಸಕ್ಕೆ ವಾಲೆ ಕರೆಸಿದ್ದು ಆಗ ಹೆಸರು ಮಾಡಿದ್ದ ವ್ಯಂಗ್ಯಚಿತ್ರಕಾರ ದಿಯೋಹೆನೆಸ್ ತಬೋರ್ದಾನನ್ನು. ಅವನ ಗೆರೆಗಳು ಪತ್ರಿಕೆಯ ಪುಟಕ್ಕೆ ಹೊಂದುವಷ್ಟು ತುಂಬಿಕೊಂಡಿದ್ದವು. ಚಲನೆಗಾಗಿ ಕ್ರಿಸ್ತಿಯಾನಿ ಅವನ್ನು ಸರಳಗೊಳಿಸಬೇಕಾಯಿತು. ಚಿತ್ರ ಬಿಡಿಸಿ ಮಾಡಿದ್ದೆಂದು ನಂಬುವವರು ಈ ಸರಳೀಕರಣವನ್ನು ಶೈಲಿಯ ವಿಷಯವೆಂದು ದಾಟಿಬಿಡುತ್ತಾರೆ. ಅದು ಕತ್ತರಿ ಮತ್ತು ಕೀಲಿನ ಅಗತ್ಯವಾಗಿತ್ತು ಎಂದು ನನಗನಿಸುತ್ತದೆ: ಮಡಿಕೆ ಮಡಿಕೆಯಾಗಿ ಗೆರೆ ಎಳೆದ ಕೋಟಿನ ತೋಳು ಮೊಣಕೈಯಲ್ಲಿ ತಿರುಗಿದರೆ ಗೆರೆಗಳು ಒಂದಕ್ಕೊಂದು ಕೂಡುವುದಿಲ್ಲ.

ಇನ್ನು ಕೊನೆಯ ದೃಶ್ಯ. ಅಧ್ಯಕ್ಷ ಸ್ವರ್ಗಕ್ಕೇರಿ ಜುಪಿಟರ್‌ನ ಸಿಡಿಲುಗಳನ್ನು ಪಡೆದು, ಭ್ರಷ್ಟ ಬ್ಯೂನಸ್ ಐರಿಸ್ ನಗರವನ್ನು ಸುಡುತ್ತಾನೆ. ಇದಕ್ಕಾಗಿ ಆಂದ್ರೆಸ್ ದುಕೋ ನಗರದ ಕಟ್ಟಡಗಳ ಮಾದರಿಗಳನ್ನು ಕಟ್ಟಿದ. ಇದರ ತಾಂತ್ರಿಕ ಅರ್ಥವನ್ನು ಯಾರೂ ಬಿಡಿಸಿ ಹೇಳಿಲ್ಲ. ಉರಿಯುವ ಬೆಂಕಿಯನ್ನು ಬೊಂಬೆಯ ಹಾಗೆ ನಿಲ್ಲಿಸಿ ಫ್ರೇಮು ಫ್ರೇಮಾಗಿ ಹಿಡಿಯಲಾಗದು, ಜ್ವಾಲೆ ಕಾಯುವುದಿಲ್ಲ. ಮಾದರಿ ಉರಿಯುವಾಗ ಕ್ಯಾಮೆರಾ ಓಡುತ್ತಲೇ ಇರಬೇಕು. ಹೀಗೆ ಹಿಡಿದ ಭಾಗವಿದ್ದರೆ ಅದರ ಫ್ರೇಮುಗಳು 58,000ದೊಳಗೇ ಸೇರಿವೆ, ಮತ್ತು ಅಷ್ಟರಮಟ್ಟಿಗೆ ಬೊಂಬೆ ಸರಿಸಿದ ಫ್ರೇಮುಗಳು ಕಡಿಮೆ. ಕ್ರಿಸ್ತಿಯಾನಿಯ ಅಭಿಮಾನಿಗಳಿಗೆ ಇದು ರುಚಿಸಲಿಕ್ಕಿಲ್ಲ. ನಾನೂ ಅವನ ಅಭಿಮಾನಿಯೇ. ಆದರೂ ದುಕೋನ ಕೈಕೆಲಸವನ್ನು ಒಂದು ಸಾಲಿನಲ್ಲಿ ಮುಗಿಸಿ ಇಡೀ ಚಿತ್ರವನ್ನು ಒಬ್ಬನ ಹೆಸರಿಗೆ ಬರೆಯುವುದು ಅನ್ಯಾಯ. ಸಮತಟ್ಟಾದ ಬೊಂಬೆ, ಉಬ್ಬಿನಿಂತ ನಗರ, ಸಹಜ ಬೆಂಕಿ, ಈ ಮೂರೂ ಒಂದೇ ಚಿತ್ರದಲ್ಲಿ 1917ರಲ್ಲೇ ಕೂಡಿದ್ದವು ಎಂದಾದರೆ ಅದೇ ಅದರ ನಿಜವಾದ ಹೆಚ್ಚುಗಾರಿಕೆ.

ಹೋಲಿಸಿ ನೋಡಲು ಕ್ರಿಸ್ತಿಯಾನಿಯ ನಂತರದ ಈ ಎರಡು ಚಿತ್ರಗಳೂ ಇಲ್ಲ: ‘ಸಿನ್ ದೆಹಾರ್ ರಾಸ್ತ್ರೋಸ್’ (1918) ಸರ್ಕಾರದ ಕೈಗೆ ಸಿಕ್ಕಿ ಮುಟ್ಟುಗೋಲಾಯಿತು. ‘ಪೆಲುದೊಪೊಲಿಸ್’ (1931) ಅವನ ಸ್ವಂತ ಪ್ರಯೋಗಾಲಯಕ್ಕೆ ಬಿದ್ದ ಬೆಂಕಿಗೆ ಆಹುತಿಯಾಯಿತು. ಹೀಗಿರುವಾಗ ಉಳಿದ ಕಾಗದಪತ್ರವೇ ಗತಿ. ಬ್ಯೂನಸ್ ಐರಿಸ್‌ನ 1917ರ ಏಪ್ರಿಲ್‌ನಿಂದ ಜೂನ್‌ವರೆಗಿನ ದಿನಪತ್ರಿಕೆಗಳ ಸಿನಿಮಾ ಜಾಹೀರಾತುಗಳಲ್ಲಿ ಆ ಪುಟ್ಟ ಸುದ್ದಿಚಿತ್ರದ ಪ್ರದರ್ಶನವನ್ನು ಹುಡುಕಬೇಕು. ಸ್ಪ್ಯಾನಿಷ್ ಬಲ್ಲ ಕಿರಿಯ ಸಂಶೋಧಕರಲ್ಲಿ ನನ್ನ ಮನವಿ ಇದು. ಅದು ಸಿಗುವವರೆಗೆ ಚಿತ್ರಪಟ್ಟಿಗಳಲ್ಲಿ 1916ರ ಮುಂದೆ ಪ್ರಶ್ನಾರ್ಥಕ ಚಿಹ್ನೆ ಇರಲಿ, 58,000ದ ಮುಂದೆ ‘ಫ್ರೇಮು’ ಎಂದಿರಲಿ.