ಅಮಾನತು ಮತ್ತು ಹೆಬ್ಬೆಟ್ಟು

ಯಲ್ಲಾಪುರದಿಂದ ಮಾಗೋಡಿನ ದಾರಿ ಹಿಡಿದರೆ ಎರಡೂ ಬದಿಗೆ ಕಾಡು, ನಡುನಡುವೆ ಅಡಿಕೆ ತೋಟ, ತೋಟದ ಅಂಚಿಗೊಂದು ಒಂಟಿ ಮನೆ. ಬಂದವರು ಬೇಡ್ತಿ ನದಿ ಎರಡು ಹಂತಗಳಲ್ಲಿ ಧುಮುಕುವುದನ್ನು ನೋಡಿ, ಫೋಟೋ ತೆಗೆದು ಹಿಂದಿರುಗುತ್ತಾರೆ. ಆ ಒಂಟಿ ಮನೆಗಳ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಮನೆ ಯಾರದೇ ಇರಲಿ, ಕಥೆ ಮಾತ್ರ ಹೆಚ್ಚುಕಡಿಮೆ ಒಂದೇ. ಮಕ್ಕಳು ಬೆಂಗಳೂರಿಗೋ ಹುಬ್ಬಳ್ಳಿಗೋ ಗಲ್ಫ್‌ಗೋ ಹೋಗಿದ್ದಾರೆ. ಉಳಿದಿರುವುದು ಒಬ್ಬ ಮುದುಕ, ಒಬ್ಬ ಮುದುಕಿ, ಒಂದು ಪಾಸ್‌ಬುಕ್ಕು.

ನಮ್ಮ ದೂರದ ಸಂಬಂಧದ ಖಾಲಾ ಒಬ್ಬರು ಈ ಸೀಮೆಯವರೇ. ಗಂಡ ಬಿಟ್ಟುಹೋದ ಹಣವನ್ನು ಠೇವಣಿ ಇಟ್ಟಿದ್ದರು. ಕಣ್ಣಿನ ಪೊರೆ ತೆಗೆಸಬೇಕೆಂದು ಹಣ ಕೇಳಲು ಹೋದಾಗ ಠೇವಣಿ ಮುರಿದು ಒಂದು ವರ್ಷವಾಗಿತ್ತು ಎಂದು ತಿಳಿಯಿತು. ಹೆಬ್ಬೆಟ್ಟು ಅವರದ್ದೇ. ಕಾಗದ ತಂದವನು ಅಣ್ಣನ ಮೊಮ್ಮಗ. "ಇಲ್ಲಿ ಒತ್ತು ದಾದಿ ಅಂದ, ಒತ್ತಿದೆ ಬೇಟಾ" ಎಂದರು ಖಾಲಾ. ಕೌಂಟರಿನಲ್ಲಿದ್ದವರು "ನಿಮ್ಮ ಮನೆಯ ಹುಡುಗನೇ ಅಲ್ಲವೇ?" ಎಂದು ನಮ್ಮನ್ನೇ ಕೇಳಿದರು. ಆ ಪ್ರಶ್ನೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ಬ್ಯಾಂಕುಗಳ ಇತಿಹಾಸದ ಬಾಗಿಲಿಗೆ ಬಂದು ನಿಂತೆವು.

ಒಂದು ಪದದ ಎರಡು ಹಾದಿ

ಉರ್ದು ಶಾಲೆಯಲ್ಲಿ ಕಲಿತ ನಮಗೆ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ವಸ್ತು. ಕೇಳಿದಾಗ ಇದ್ದ ಹಾಗೆಯೇ ಹಿಂದಿರುಗಿಸಬೇಕಾದದ್ದು. ಬ್ಯಾಂಕಿನ ಠೇವಣಿಗೂ ಇದೇ ಪದವಿದೆ. ಕನ್ನಡ ಪತ್ರಿಕೆ ಓದತೊಡಗಿದ ಮೇಲೆ 'ಲಂಚ ಪಡೆದ ಅಧಿಕಾರಿ ಅಮಾನತು' ಎಂಬ ಸುದ್ದಿ ಕಂಡು ತಬ್ಬಿಬ್ಬಾದೆವು. ಅದೇ ಪದ ಇಲ್ಲಿ ಕೆಲಸದಿಂದ ತಡೆಹಿಡಿಯುವುದು ಎಂಬ ಅರ್ಥ ಪಡೆದಿತ್ತು. ನಂಬಿಕೆ ಮತ್ತು ತಡೆ! ಮುದುಕರ ಹಣದ ವಿಷಯದಲ್ಲಿ ಈ ಎರಡೂ ಅರ್ಥಗಳು ಒಟ್ಟಿಗೇ ಬೇಕು ಎಂದು ಹೊಳೆದದ್ದು ಬಹಳ ತಡವಾಗಿ.

ಅಕ್ಷರ ಬಲ್ಲವನು ಬರೆದ ಕಾಗದಕ್ಕೆ ಅಕ್ಷರ ಬಾರದವನು ಹೆಬ್ಬೆಟ್ಟು ಒತ್ತಿ ಮನೆಮಾರು ಕಳೆದುಕೊಳ್ಳುವುದು ಹಳೆಯ ಕಥೆ. 1875ರಲ್ಲಿ ಪುಣೆ, ಅಹಮದ್‌ನಗರ ಸೀಮೆಯ ರೈತರು ದಂಗೆ ಎದ್ದಾಗ ಅವರ ಸಿಟ್ಟು ಸಾಹುಕಾರರ ಸಾಲಪತ್ರಗಳ ಮೇಲಿತ್ತು. ಅನೇಕ ಕಡೆ ಅವನ್ನು ಕಿತ್ತುಕೊಂಡು ಸುಟ್ಟರು. ಆ ಮೇಲೆ 1879ರಲ್ಲಿ ಬಂದ ದಖ್ಖನಿನ ರೈತರ ಪರಿಹಾರ ಕಾಯ್ದೆ, ಮೊದಲು ನಾಲ್ಕು ಜಿಲ್ಲೆಗಳಲ್ಲಿ, ಗ್ರಾಮ ರಿಜಿಸ್ಟ್ರಾರರನ್ನು ನೇಮಿಸಿತು. ರೈತ ಬರೆದುಕೊಡುವ ಪತ್ರ ಅವರ ಎದುರಿಗೇ ಆಗಬೇಕಿತ್ತು. ಬರೆಸಿಕೊಳ್ಳುವವನ ಮತ್ತು ಒತ್ತುವವನ ನಡುವೆ, ಲಾಭದ ಆಸೆಯಿಲ್ಲದ ಮೂರನೆಯ ಒಂದು ಕಣ್ಣು ಇರಬೇಕು ಎಂಬುದು ಅದರ ತಿರುಳು.

ಮುಖ ಬಲ್ಲ ಬ್ಯಾಂಕು

ನಮ್ಮ ನಾಡಿನ ಬ್ಯಾಂಕುಗಳು ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂದಿತು. ಮರುವರ್ಷವೇ ಗದಗದ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದರು. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನು ಆರಂಭಿಸಿದರು. ಅದೇ ವರ್ಷ ಉಡುಪಿಯಲ್ಲಿ ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆಯನ್ನು ಸ್ಥಾಪಿಸಿದರು. 5,000 ರೂಪಾಯಿ ಬಂಡವಾಳ. ಮೊದಲ ದಿನ ಸಂಗ್ರಹವಾದದ್ದು 38 ರೂಪಾಯಿ 13 ಆಣೆ 2 ಪೈ. ಇಷ್ಟು ಸಣ್ಣ ಮೊತ್ತವನ್ನು ತಂದುಕೊಟ್ಟವರ ಮುಖಗಳು ಸಾಹೇಬರಿಗೆ ಗೊತ್ತಿಲ್ಲದಿರಲು ಸಾಧ್ಯವೇ?

1925ರಲ್ಲಿ ಉಡುಪಿಯಲ್ಲೇ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟನು ಮನೆಬಾಗಿಲಿಗೇ ಬಂದು ದಿನಕ್ಕೆ ಎರಡು ಆಣೆಯಿಂದ ಹಣ ಪಡೆಯುತ್ತಿದ್ದ. ದಿನವೂ ಬರುವವನಿಗೆ ಮನೆಯ ಒಳಹೊರಗು ತಿಳಿಯುತ್ತದೆ. ಅಜ್ಜಿ ಮಲಗಿದ್ದಾಳೆಯೇ, ಮಗ ಕುಡಿಯುತ್ತಾನೆಯೇ ಎಂಬುದು ಕಣ್ಣಿಗೆ ಬೀಳುತ್ತದೆ. ಇತ್ತ ಶಿರಸಿಯಲ್ಲಿ ಅಡಿಕೆ ಬೆಳೆಗಾರರು ವ್ಯಾಪಾರಿಗಳ ತಕ್ಕಡಿಯಿಂದ ಪಾರಾಗಲು 1923ರಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಕಟ್ಟಿಕೊಂಡರು. ಅಡಿಕೆಯ ಹಣ ಸದಸ್ಯನ ಹೆಸರಿನ ಖಾತೆಗೇ ಜಮಾ ಆಗುವ ಪದ್ಧತಿ ಈ ಮಲೆನಾಡಿನ ಮುದುಕರಿಗೂ ಒಂದು ಆಸರೆಯಾಯಿತು.

1969ರಲ್ಲಿ 14 ಬ್ಯಾಂಕುಗಳು, 1980ರಲ್ಲಿ ಮತ್ತೆ ಆರು ಬ್ಯಾಂಕುಗಳು ರಾಷ್ಟ್ರೀಕರಣಗೊಂಡವು. ಹಳ್ಳಿಗಳಿಗೆ ಶಾಖೆಗಳು ಬಂದವು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾದವು. ಅಷ್ಟರಲ್ಲಾಗಲೇ ಹಣ ಕೈಯಿಂದ ಕಾರ್ಡಿಗೆ, ಕಾರ್ಡಿನಿಂದ ಮೊಬೈಲಿಗೆ ಜಾರಿತ್ತು. ಮುಖ ನೋಡುತ್ತಿದ್ದ ಬ್ಯಾಂಕು ಈಗ ನಂಬರು ನೋಡುತ್ತದೆ.

ಹಾಗೆಂದು ಹಳೆಯದೆಲ್ಲ ಚಿನ್ನವಾಗಿತ್ತು ಎನ್ನಲಾರೆವು. ನಮ್ಮ ಖಾಲಾರ ಹಣ ಹೋದದ್ದು ಅಪರಿಚಿತರಿಂದಲ್ಲ. ಎಲ್ಲರೂ ಎಲ್ಲರನ್ನೂ ಬಲ್ಲ ಊರಿನಲ್ಲಿ, 'ಮನೆಯ ಹುಡುಗ' ಎಂಬ ಪರಿಚಯದಿಂದಲೇ. ಪರಿಚಯ ಕಾಯುತ್ತದೆ, ಪರಿಚಯವೇ ಕದಿಯುತ್ತದೆ. ಆದ್ದರಿಂದ ಪರಿಚಯದ ಜೊತೆಗೆ ನಿಯಮ ಬೇಕು. ನಿಯಮದ ಜೊತೆಗೆ ಕೇಳುವ ಬಾಯಿ ಬೇಕು.

ನಿಯಮಗಳು ಇಲ್ಲವೇ?

ಇವೆ. ಸಹಿ ಮಾಡಲಾರದ ವೃದ್ಧರ ಹೆಬ್ಬೆಟ್ಟನ್ನು ಬ್ಯಾಂಕಿಗೆ ಪರಿಚಿತರಾದ ಇಬ್ಬರು ಸ್ವತಂತ್ರ ಸಾಕ್ಷಿಗಳು ಗುರುತಿಸಬೇಕು, ಅವರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿಯಾಗಿರಬೇಕು ಎಂದು ರಿಸರ್ವ್ ಬ್ಯಾಂಕು ಹೇಳಿದೆ. 1879ರ ಗ್ರಾಮ ರಿಜಿಸ್ಟ್ರಾರನೇ ಇಲ್ಲಿ ಬೇರೆ ವೇಷದಲ್ಲಿ ಬಂದಿದ್ದಾನೆ! 2017ರ ನವೆಂಬರಿನ ಸುತ್ತೋಲೆ 70 ವರ್ಷ ದಾಟಿದವರಿಗೆ ಮನೆಬಾಗಿಲಿಗೆ ಸೇವೆ ನೀಡುವಂತೆ ಸೂಚಿಸಿತು. ಹಣ ತಲುಪಿಸುವುದು, ಪಡೆದುಕೊಳ್ಳುವುದು, ಜೀವಿತ ಪ್ರಮಾಣಪತ್ರ ಸ್ವೀಕರಿಸುವುದು ಇದರಲ್ಲಿ ಸೇರಿವೆ. ಆ ಸೇವೆ ಮಾಗೋಡಿನ ತೋಟದ ಮನೆಗೆ ತಲುಪಿದರೆ ಪಾಸ್‌ಬುಕ್ಕನ್ನು ಇನ್ನೊಬ್ಬರ ಕೈಗೆ ಕೊಡುವ ಅಗತ್ಯವೇ ಬೀಳದು.

ಆಸ್ತಿಯ ವಿಷಯದಲ್ಲಿ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೆಯ ಕಲಮು ಇದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡವನು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದುಪಡಿಸಲು ಇದರಲ್ಲಿ ಅವಕಾಶವಿದೆ. ಆದರೆ ಷರತ್ತು ಇತ್ತೆಂದು ತೋರಿಸಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಆದ್ದರಿಂದ ದಾನಪತ್ರದಲ್ಲಿ ಆ ಒಂದು ಸಾಲನ್ನು ಬರೆಸಲು ಮರೆಯಬಾರದು. ನಮ್ಮ ಮೂರು ತಾಲೂಕುಗಳ ಹಿರಿಯರು ಶಿರಸಿಯ ಉಪವಿಭಾಗಾಧಿಕಾರಿಗೆ ದೂರು ಕೊಡಬಹುದು.

ಅಪರಿಚಿತರ ದಾಳಿ ಇನ್ನೊಂದು ಬಗೆಯದು. ಪೊಲೀಸರ ವೇಷದಲ್ಲಿ ವೀಡಿಯೊ ಕರೆ ಮಾಡಿ 'ಡಿಜಿಟಲ್ ಅರೆಸ್ಟ್' ಎಂದು ಹೆದರಿಸುತ್ತಾರೆ. ಇಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ನಮ್ಮ ನೆರೆಯ ಖಾನಾಪುರ ತಾಲೂಕಿನಲ್ಲಿ 2025ರ ಮಾರ್ಚಿನಲ್ಲಿ ವೃದ್ಧ ದಂಪತಿಯೊಂದು ಇದೇ ಬಲೆಗೆ ಸಿಕ್ಕಿ, ಹಣವನ್ನೂ ಕೊನೆಗೆ ಜೀವವನ್ನೂ ಕಳೆದುಕೊಂಡಿತು. ಇಲ್ಲಿ ಹಣ ಕಳಿಸುವವರು ಖಾತೆದಾರರೇ. ಖಾತೆದಾರನ ತಪ್ಪಿಲ್ಲದೆ ಬೇರೆಯವರು ಹಣ ಎಗರಿಸಿದರೆ, ಮೂರು ಕೆಲಸದ ದಿನಗಳಲ್ಲಿ ದೂರು ಕೊಟ್ಟವನಿಗೆ ನಷ್ಟವಿಲ್ಲ ಎಂದು 2017ರ ಜುಲೈ ಸುತ್ತೋಲೆ ಭರವಸೆ ಕೊಟ್ಟಿತ್ತು. ಹೆದರಿ ತಾನೇ ಕಳಿಸಿದವನಿಗೆ ಆ ಭರವಸೆ ಒದಗದು. ಹೀಗಾಗಿ ಹಣ ಹೋಗುವ ಮೊದಲೇ ಯಾರೋ ಒಬ್ಬರು ತಡೆಯಬೇಕು.

ತಡೆದವರೂ ಇದ್ದಾರೆ. 2024ರ ನವೆಂಬರಿನಲ್ಲಿ ಹೈದರಾಬಾದಿನ ಬ್ಯಾಂಕ್ ನೌಕರರು ಠೇವಣಿ ಮುರಿಸಲು ಅವಸರಪಡುತ್ತಿದ್ದ ಹಿರಿಯ ಗ್ರಾಹಕರನ್ನು ಕೂರಿಸಿ, ಮತ್ತೆ ಮತ್ತೆ ಕಾರಣ ಕೇಳಿ ಹಣ ಉಳಿಸಿದರು. ಬ್ರಿಟನ್ನಿನಲ್ಲಿ 2016ರಿಂದ ಇದಕ್ಕೊಂದು ಕ್ರಮವೇ ಇದೆ. ಅನುಮಾನ ಬಂದರೆ ಶಾಖೆಯವರು ಪೊಲೀಸರನ್ನು ಕೂಡಲೇ ಕರೆಯುತ್ತಾರೆ. ಅಮೆರಿಕದ 2018ರ ಒಂದು ಕಾನೂನು, ತರಬೇತಿ ಪಡೆದು ಪ್ರಾಮಾಣಿಕವಾಗಿ ದೂರು ಕೊಟ್ಟ ಬ್ಯಾಂಕ್ ನೌಕರನಿಗೆ ಮೊಕದ್ದಮೆಯ ಭಯವಿಲ್ಲದಂತೆ ಮಾಡಿತು.

ಬ್ಯಾಂಕು ಮಾಡಬಹುದಾದದ್ದು

ನಮ್ಮ ಶಾಖೆಗಳು ದೊಡ್ಡ ಯಂತ್ರಗಳಿಗೆ ಕಾಯಬೇಕಿಲ್ಲ. ಮುದುಕರ ಜೊತೆ ಬಂದವರನ್ನು ಐದು ನಿಮಿಷ ಹೊರಗೆ ಕೂರಿಸಿ, ಅವರನ್ನೇ ಅವರ ಭಾಷೆಯಲ್ಲಿ ಕೇಳಲಿ: ಈ ಹಣ ಯಾರಿಗೆ, ಯಾಕೆ? ಅವಧಿಗೆ ಮುಂಚೆ ಠೇವಣಿ ಮುರಿಸಿದರೆ ಎಷ್ಟು ಬಡ್ಡಿ ಹೋಗುತ್ತದೆ ಎಂದು ಓದಿ ಹೇಳಲಿ. ಹಠಾತ್ತನೆ ಹೊಸ ಹೆಸರಿಗೆ ದೊಡ್ಡ ಮೊತ್ತ ಹೊರಟರೆ ಮನೆಯ ಇನ್ನೊಬ್ಬ ನಂಬಿಕಸ್ಥರಿಗೆ ಫೋನು ಮಾಡಲು ಖಾತೆದಾರರ ಒಪ್ಪಿಗೆಯನ್ನು ಮೊದಲೇ ಬರೆಸಿಕೊಂಡಿರಲಿ. ಜಂಟಿ ಖಾತೆ ತೆರೆಯುವಾಗ 'ಇಬ್ಬರಲ್ಲಿ ಯಾರಾದರೂ' ಎಂಬ ಮಾತಿಗೆ ಅರ್ಥ, ಒಬ್ಬನೇ ಎಲ್ಲವನ್ನೂ ತೆಗೆಯಬಹುದು ಎಂಬುದನ್ನು ತಿಳಿಸಲಿ. ನಾಮಿನಿ ಎಂದರೆ ವಾರಸುದಾರನಲ್ಲ, ಹಣ ಪಡೆದು ಹಕ್ಕಿದ್ದವರಿಗೆ ತಲುಪಿಸಬೇಕಾದವನು ಎಂದೂ ಹೇಳಲಿ. 2025ರ ನವೆಂಬರಿನಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದು. ವಂಚನೆಯಾದರೆ 1930ಕ್ಕೆ, ಹಿರಿಯರ ಸಹಾಯಕ್ಕೆ 14567ಕ್ಕೆ ಕರೆ ಮಾಡಿರೆಂದು ಪಾಸ್‌ಬುಕ್ಕಿನ ಮೇಲೆ ದಪ್ಪಕ್ಷರದಲ್ಲಿ ಅಂಟಿಸಲಿ.

ಒಂದು ಎಚ್ಚರಿಕೆ ಬೇಕು. ಹಿರಿಯರೆಂದರೆ ಮಕ್ಕಳಲ್ಲ. ತಮ್ಮ ಹಣವನ್ನು ಮೊಮ್ಮಗಳ ಮದುವೆಗೆ ಕೊಡಲೂ ದಾನ ಮಾಡಲೂ ಅವರಿಗೆ ಪೂರ್ಣ ಹಕ್ಕಿದೆ. ಬ್ಯಾಂಕು ಕೇಳಬೇಕಾದದ್ದು "ಕೊಡಬೇಡಿ" ಎನ್ನಲಿಕ್ಕಲ್ಲ, "ಇದು ನಿಮ್ಮ ಮನಸ್ಸೇ?" ಎಂದು ತಿಳಿಯಲಿಕ್ಕೆ.

ನಮ್ಮ ಖಾಲಾ ದೂರು ಕೊಡಲಿಲ್ಲ. "ಮನೆಯ ಮಾನ ಬೀದಿಗೆ ಬೇಡ ಬೇಟಾ" ಎಂದರು. ಪೊರೆಯ ಶಸ್ತ್ರಚಿಕಿತ್ಸೆ ಉಚಿತ ಶಿಬಿರವೊಂದರಲ್ಲಿ ಆಯಿತು. ಆ ಮಾತಿನಲ್ಲಿ ನಮಗೂ ಒಂದು ಪಾಲಿದೆ. ಹಬ್ಬಕ್ಕೆ ಹೋಗಿ ಸಲಾಂ ಹೇಳಿ ಬರುತ್ತಿದ್ದ ನಾವು ಒಮ್ಮೆಯೂ ಅವರ ಪಾಸ್‌ಬುಕ್ಕನ್ನು ಓದಿ ಹೇಳಿರಲಿಲ್ಲ. ಕೌಂಟರಿನಲ್ಲಿ ಅಂದು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆವು: ಹೌದು, ಅವನು ನಮ್ಮ ಮನೆಯ ಹುಡುಗನೇ. ಆದರೆ ಹಣ ಖಾಲಾರದ್ದು. ಕೇಳಬೇಕಾದದ್ದು ಅವರನ್ನು.