ನೇಪಲ್ಸ್ ನೋಡಲು ಯಾವ ಕಾಲ ಚೆನ್ನ?

ಜರ್ಮನಿಯ ಮಹಾಕವಿ ಗಯಟೆ ದಕ್ಷಿಣ ಇಟಲಿಯ ಕಡಲತೀರದ ನಗರ ನೇಪಲ್ಸ್‌ಗೆ ಬಂದಿಳಿದದ್ದು 1787ರ ಫೆಬ್ರುವರಿ 25ರಂದು. ಮುಂದೆ ಕಾಳಿದಾಸನ ಶಾಕುಂತಲವನ್ನು ಓದಿ ತಲೆದೂಗಿದ ಕವಿ ಈತನೇ. ನಗರದಿಂದ ಕಣ್ಣಳತೆಯ ದೂರದಲ್ಲಿರುವ ವೆಸೂವಿಯಸ್ ಜ್ವಾಲಾಮುಖಿ ಆಗ ಹೊಗೆಯಾಡುತ್ತಿತ್ತು. ಮಾರ್ಚ್ ತಿಂಗಳೊಂದರಲ್ಲೇ ಆತ ಮೂರು ಸಲ ಅದನ್ನು ಹತ್ತಿದ. ನಡುವೆ ಸಿಸಿಲಿ ದ್ವೀಪಕ್ಕೆ ಹೋಗಿ ಬಂದ. ಜೂನ್ 3ರಂದು ನೇಪಲ್ಸ್ ಬಿಟ್ಟು ರೋಮ್ ದಾರಿ ಹಿಡಿದ.

ಈ ತಾರೀಕುಗಳು ಇಂದಿನವರಿಗೆ ವಿಚಿತ್ರವಾಗಿ ಕಾಣಬಹುದು. ಬೇಸಿಗೆಯ ರಜೆಗೆಂದು ಯುರೋಪಿನ ಜನ ಕಡಲತೀರಕ್ಕೆ ಧಾವಿಸುವ ಹೊತ್ತಿಗೆ ಸರಿಯಾಗಿ ಗಯಟೆ ಗಂಟುಮೂಟೆ ಕಟ್ಟಿದ್ದ. ಅವನೊಬ್ಬನೇ ಅಲ್ಲ. 14 ವರ್ಷದ ಬಾಲಕ ಮೊಜಾರ್ಟ್ ತಂದೆಯ ಜತೆ ಅಲ್ಲಿದ್ದದ್ದು 1770ರ ಮೇ ಮತ್ತು ಜೂನ್‌ನಲ್ಲಿ. ಇಂಗ್ಲಿಷ್ ಕವಿ ಶೆಲ್ಲಿ 1818ರ ಡಿಸೆಂಬರ್‌ನಿಂದ ಫೆಬ್ರುವರಿ ಕೊನೆಯವರೆಗೆ ಇದ್ದು ಹೋದ. ಕಾದಂಬರಿಕಾರ ಡಿಕನ್ಸ್ 1845ರ ಫೆಬ್ರುವರಿಯಲ್ಲಿ ಬಂದು, ಹಿಮಗಟ್ಟಿದ ವೆಸೂವಿಯಸ್‌ನ ಇಳಿಜಾರಿನಲ್ಲಿ ಜಾರುತ್ತಾ ಎಡವುತ್ತಾ ಶಿಖರ ಮುಟ್ಟಿದ. ಜುಲೈ, ಆಗಸ್ಟ್‌ಗಳಲ್ಲಿ ಮಾತ್ರ ತಿಳಿದವರು ಯಾರೂ ಆ ಕಡೆ ಪ್ರಯಾಣ ಹೊರಡುತ್ತಿರಲಿಲ್ಲ. ನೀಲಿ ಕಡಲು, ನಿರ್ಮಲ ಆಕಾಶ ಇರುವುದೇ ಆ ತಿಂಗಳುಗಳಲ್ಲಿ. ಹಾಗಿದ್ದೂ ಏಕೆ?

ಉತ್ತರಕ್ಕೆ ಮೊದಲು ಅಲ್ಲಿನ ಹವೆಯನ್ನು ತಿಳಿದುಕೊಳ್ಳಬೇಕು. ನಮ್ಮಲ್ಲಿ ಬೇಸಿಗೆ ಮುಗಿಯುತ್ತಿದ್ದಂತೆ ಮಳೆ ಬರುತ್ತದೆ. ಮೆಡಿಟರೇನಿಯನ್ ಸಮುದ್ರದ ತೀರದಲ್ಲಿ ಇದು ತಿರುಗುಮುರುಗು. ಅಲ್ಲಿ ಮಳೆ ಸುರಿಯುವುದು ಚಳಿಗಾಲದಲ್ಲಿ, ಬೇಸಿಗೆ ಒಣ ಬೇಸಿಗೆ. ನೇಪಲ್ಸ್‌ನಲ್ಲಿ ನವೆಂಬರ್ ಅತಿ ಹೆಚ್ಚು ಮಳೆಯ ತಿಂಗಳು, ಜುಲೈ ಅತಿ ಕಡಿಮೆ ಮಳೆಯದು. ಜನವರಿಯಲ್ಲಿ ಹಗಲಿನ ಉಷ್ಣಾಂಶ ಸರಾಸರಿ 13 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಆಗಸ್ಟ್‌ನಲ್ಲಿ 30ರ ಆಸುಪಾಸು. ಮಳೆಗೂ ಚಳಿಗೂ ಅಲ್ಲಿನವರ ಮನಸ್ಸಿನಲ್ಲಿ ಎಂಥ ನಂಟೆಂದರೆ, ಗೋವೆಗೆ ಬಂದ ಪೋರ್ಚುಗೀಸರು ಇಲ್ಲಿನ ಮಳೆಗಾಲವನ್ನೇ ‘ಚಳಿಗಾಲ’ ಎಂದು ಕರೆದುಬಿಟ್ಟರು.

ಈ ವ್ಯತ್ಯಾಸವನ್ನು ಕಣ್ಣಾರೆ ಕಂಡವನು ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ. ಗೋವೆಯಲ್ಲಿ ಮಳೆಗಾಲ ಕಳೆದು 1623ರ ಅಕ್ಟೋಬರ್‌ನಲ್ಲಿ ಹೊರಟ ಈತ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಪೋರ್ಚುಗೀಸ್ ರಾಯಭಾರಿಯೊಡನೆ ವೆಂಕಟಪ್ಪನಾಯಕನ ಆಸ್ಥಾನ ನೋಡಿದ, ಬಳಿಕ ಕರಾವಳಿಗಿಳಿದು ಉಳ್ಳಾಲದ ರಾಣಿಯನ್ನು ಕಂಡ. ಕೆಳದಿಯ ಇತಿಹಾಸ ಬರೆಯುವವರೆಲ್ಲ ಇಂದಿಗೂ ನೆಚ್ಚುವ ಅವನ ಪತ್ರಗಳನ್ನು ಬರೆದದ್ದು ಯಾರಿಗೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ. ಅವು ನೇಪಲ್ಸ್‌ನಲ್ಲಿದ್ದ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊನಿಗೆ ಬರೆದವು. ಇಕ್ಕೇರಿಯ ಸುದ್ದಿಯನ್ನು ಮೊದಲು ಓದಬೇಕಾಗಿದ್ದವನು ನೇಪಲ್ಸ್‌ನ ಒಬ್ಬ ವೈದ್ಯ.

ನೇಪಲ್ಸ್ ಕೊಲ್ಲಿಗೆ ಬರುವವರು ಕಾಲ ನೋಡಿ ಬರುವುದು ರೋಮನ್ನರ ಕಾಲದಿಂದ ಬಂದ ರೂಢಿ. ಕೊಲ್ಲಿಯ ಪಶ್ಚಿಮಕ್ಕೆ ಬಾಯೆ ಎಂಬ ಬಿಸಿನೀರಿನ ಬುಗ್ಗೆಗಳ ಊರಿತ್ತು. ರೋಮಿನ ಸಿರಿವಂತರ ಮೋಜಿನ ತಾಣ ಅದು. ಅವರು ಅಲ್ಲಿಗೆ ಬರುತ್ತಿದ್ದದ್ದು ವಸಂತದಲ್ಲಿ, ಸೆನೆಟ್ ಸಭೆಯ ಕಲಾಪಕ್ಕೆ ಬಿಡುವಿದ್ದಾಗ. ಬಿಸಿಲು ಏರಿದ ಮೇಲೆ ತಂಪಾದ ಬೆಟ್ಟದ ಊರುಗಳಿಗೆ ಸರಿಯುತ್ತಿದ್ದರು. ವಾಗ್ಮಿ ಸಿಸೆರೊನಿಗೆ ಈ ಕೊಲ್ಲಿಯ ಸುತ್ತ ಮೂರು ಮನೆಗಳಿದ್ದವು. ಕ್ರಿ.ಶ. 59ರ ಮಾರ್ಚ್‌ನಲ್ಲಿ ಚಕ್ರವರ್ತಿ ನೀರೊ ಮಿನರ್ವಾ ದೇವತೆಯ ಹಬ್ಬಕ್ಕೆಂದು ತಾಯಿ ಅಗ್ರಿಪ್ಪಿನಾಳನ್ನು ಬಾಯೆಗೆ ಕರೆಸಿಕೊಂಡ. ಊಟ ಉಪಚಾರವೆಲ್ಲ ಆಯಿತು. ಆಕೆಯನ್ನು ಕಳಿಸಿಕೊಟ್ಟದ್ದು ನೀರಿನ ನಡುವೆ ಕುಸಿದು ಬೀಳುವಂತೆ ಕಟ್ಟಿಸಿದ್ದ ಹಡಗಿನಲ್ಲಿ. ಆಕೆ ಈಜಿ ದಡ ಸೇರಿದಳು. ಕೊನೆಗೆ ಮಗ ಆಳುಗಳನ್ನು ಕಳಿಸಿ ಕೊಲ್ಲಿಸಿದ. ಆ ಬಾಯೆಯ ಬಹುಭಾಗ ಈಗ ಸಮುದ್ರದ ತಳದಲ್ಲಿದೆ.

ರೋಮನ್ನರ ಬಳಿಕ ಶತಮಾನಗಳು ಉರುಳಿದಂತೆ ಬೇಸಿಗೆಯ ಸೆಖೆಗೆ ಸಾವಿನ ಭಯವೂ ಸೇರಿಕೊಂಡಿತು. ‘ನೇಪಲ್ಸ್ ನೋಡಿ ಆಮೇಲೆ ಸಾಯಿ’ ಎಂಬುದು ಆ ಊರಿನ ಹೆಮ್ಮೆಯ ನುಡಿ. ಗಯಟೆಯೂ ಅದನ್ನು ಬರೆದಿಟ್ಟಿದ್ದಾನೆ. ಅಂಥ ಸೊಬಗು ಕಂಡ ಮೇಲೆ ನೋಡುವುದಕ್ಕೆ ಇನ್ನೇನೂ ಉಳಿಯುವುದಿಲ್ಲ ಎಂಬುದು ಅದರ ಭಾವ. ಆದರೆ ಬೇಸಿಗೆಯಲ್ಲಿ ಬಂದವರ ಪಾಲಿಗೆ ಅದು ಅಕ್ಷರಶಃ ನಿಜವಾಗುವ ಸಂಭವವಿತ್ತು. ಕಾರಣ ಮಲೇರಿಯಾ.

ರೋಮಿನಿಂದ ನೇಪಲ್ಸ್‌ಗೆ ಬರುವ ದಾರಿ ಪೊಂಟೀನ್ ಎಂಬ ವಿಶಾಲವಾದ ಜೌಗು ಪ್ರದೇಶವನ್ನು ಹಾದು ಬರುತ್ತಿತ್ತು. ಚಳಿಗಾಲದ ಮಳೆನೀರು ಅಲ್ಲಿ ನಿಲ್ಲುತ್ತಿತ್ತು. ಬಿಸಿಲೇರಿದಾಗ ಆ ನೀರಿನಲ್ಲಿ ಸೊಳ್ಳೆ ಹುಟ್ಟಿ, ಜುಲೈನಿಂದ ಅಕ್ಟೋಬರ್‌ವರೆಗೆ ಚಳಿಜ್ವರ ಹಬ್ಬುತ್ತಿತ್ತು. ಸೊಳ್ಳೆಯ ಪಾತ್ರ ಆಗ ಯಾರಿಗೂ ಗೊತ್ತಿರಲಿಲ್ಲ. ಜೌಗಿನಿಂದ ಸಂಜೆ ಹೊತ್ತು ಏಳುವ ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲ ಎಂದು ನಂಬಿದ್ದರು. ಇಟಾಲಿಯನ್ ಭಾಷೆಯಲ್ಲಿ ‘ಮಾಲಾ ಆರಿಯಾ’ ಎಂದರೆ ಕೆಟ್ಟ ಗಾಳಿ, ರೋಗದ ಹೆಸರು ಹುಟ್ಟಿದ್ದೇ ಹಾಗೆ. ಜೌಗು ದಾಟುವಾಗ ಗಾಡಿಯಲ್ಲಿ ನಿದ್ದೆ ಹೋಗಬಾರದು, ಕತ್ತಲಾದ ಮೇಲೆ ಕಿಟಕಿ ತೆರೆಯಬಾರದು ಎಂದು ಪ್ರಯಾಣಿಕರಿಗೆ ಬುದ್ಧಿ ಹೇಳುತ್ತಿದ್ದರು. ಕಾರಣ ತಪ್ಪಾಗಿದ್ದರೂ ಕಿಟಕಿ ಮುಚ್ಚುವ ಉಪಾಯ ಸರಿಯಾಗಿಯೇ ಇತ್ತು ಎನ್ನಬೇಕು.

ನೇಪಲ್ಸ್‌ನ ದಕ್ಷಿಣಕ್ಕಿರುವ ಪೆಸ್ಟಂ ಇನ್ನೂ ಭಯಂಕರ. ಗ್ರೀಕರು ಕಟ್ಟಿದ ಮೂರು ಭವ್ಯ ದೇಗುಲಗಳು ಅಲ್ಲಿವೆ. ಜ್ವರಕ್ಕೆ ಹೆದರಿ ಊರಿಗೆ ಊರೇ ಬರಿದಾಗಿ, ದೇಗುಲಗಳು ಮಾತ್ರ ಪೊದೆಗಳ ನಡುವೆ ನಿಂತಿದ್ದವು. ನೋಡಲು ಬಂದವರು ರಾತ್ರಿ ತಂಗುವ ಗೋಜಿಗೆ ಹೋಗುತ್ತಿರಲಿಲ್ಲ. ನೇಪಲ್ಸ್‌ನ ಮಗ್ಗುಲಲ್ಲೇ ಇದ್ದ ಆನ್ಯಾನೊ ಸರೋವರವೂ ಜ್ವರದ ತವರೆಂದು ಕುಖ್ಯಾತವಾಗಿತ್ತು. ಅದನ್ನು ಬತ್ತಿಸಿದ್ದು 1870ರಲ್ಲಿ.

ಹೀಗಾಗಿ 18ನೇ ಶತಮಾನದಲ್ಲಿ ಪ್ರವಾಸಕ್ಕೊಂದು ಪಂಚಾಂಗವೇ ಸಿದ್ಧವಾಯಿತು. ಇಂಗ್ಲೆಂಡಿನ ಜಮೀನ್ದಾರರ ಮಕ್ಕಳು ಕ್ರಿಸ್‌ಮಸ್ ವೇಳೆಗೆ ರೋಮ್ ತಲುಪುತ್ತಿದ್ದರು. ಕಾರ್ನಿವಲ್ ಮುಗಿದ ಮೇಲೆ ನೇಪಲ್ಸ್‌ಗೆ ಇಳಿದು, ಸಾನ್ ಕಾರ್ಲೊ ರಂಗಮಂದಿರದಲ್ಲಿ ಸಂಗೀತ ನಾಟಕ ನೋಡಿ, ವೆಸೂವಿಯಸ್ ಹತ್ತಿ, ಈಸ್ಟರ್ ಹೊತ್ತಿಗೆ ಮತ್ತೆ ರೋಮಿನಲ್ಲಿರುತ್ತಿದ್ದರು. ಬೇಸಿಗೆ ಬರುವಷ್ಟರಲ್ಲಿ ಉತ್ತರದ ತಂಪು ಸೀಮೆ ಸೇರಿಬಿಡುತ್ತಿದ್ದರು. ಆದರೆ ಜೌಗಿನ ಅಂಚಿನಲ್ಲಿ ಗೋಧಿ ಕೊಯ್ಯುವ ಕೂಲಿಗೆ ಇಂಥ ಪಂಚಾಂಗ ಇರಲಿಲ್ಲ. ಸುಗ್ಗಿ ಬರುವುದೇ ಬೇಸಿಗೆಯಲ್ಲಿ, ಜ್ವರ ಬರುವುದೂ ಆಗಲೇ.

ಈ ಗಂಟನ್ನು ಬಿಚ್ಚಿದ ಕಥೆಯ ಒಂದು ಎಳೆ ಬೆಂಗಳೂರಿನಲ್ಲಿದೆ. 1883ರಲ್ಲಿ ರೊನಾಲ್ಡ್ ರಾಸ್ ಎಂಬ ಯುವ ಸೇನಾ ವೈದ್ಯ ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ. ಸೊಳ್ಳೆ ಕಾಟ ತಾಳಲಾರದೆ ಹುಡುಕಿದಾಗ ಬಂಗಲೆಯ ಹೊರಗಿನ ನೀರಿನ ತೊಟ್ಟಿಯಲ್ಲಿ ಅವುಗಳ ಮರಿಗಳು ಕಂಡವು. ನೀರು ಚೆಲ್ಲಿಸಿದ, ಕಾಟ ಕಡಿಮೆಯಾಯಿತು. ಆಗಿನ್ನೂ ಅವನಿಗೆ ಮಲೇರಿಯಾದ ಯೋಚನೆ ಇರಲಿಲ್ಲ. 14 ವರ್ಷಗಳ ಬಳಿಕ, 1897ರ ಆಗಸ್ಟ್ 20ರಂದು, ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ರೋಗಾಣುವನ್ನು ಆತ ಕಂಡ. ಮರುವರ್ಷ ಇಟಲಿಯ ಜೊವಾನ್ನಿ ಬಾತಿಸ್ತಾ ಗ್ರಾಸ್ಸಿ, ಮನುಷ್ಯರಿಗೆ ಜ್ವರ ಹರಡುವುದು ಅನಾಫಿಲಿಸ್ ಜಾತಿಯ ಸೊಳ್ಳೆಯೇ ಎಂದು ತೋರಿಸಿಕೊಟ್ಟ. 1902ರ ನೊಬೆಲ್ ಬಹುಮಾನ ರಾಸ್‌ಗೆ ಸಂದಿತು. ಕೀರ್ತಿ ಯಾರದೆಂದು ಇಬ್ಬರೂ ಕೊನೆಯವರೆಗೆ ಜಗಳವಾಡಿದರು.

ನೇಪಲ್ಸ್ ಸೀಮೆಗೆ ಸಂಬಂಧಿಸಿದಂತೆ ಮಾತ್ರ ಗ್ರಾಸ್ಸಿ 1900ರ ಬೇಸಿಗೆಯಲ್ಲಿ ಮಾಡಿದ ಪ್ರಯೋಗವೇ ದೊಡ್ಡದು. ಅದನ್ನು ನಡೆಸಿದ್ದು ಪೆಸ್ಟಂ ದೇಗುಲಗಳಿರುವ ಅದೇ ಕಪಾಚ್ಚೊ ಬಯಲಿನಲ್ಲಿ. ರೈಲ್ವೆ ನೌಕರರ ಮನೆಗಳ ಕಿಟಕಿ ಬಾಗಿಲುಗಳಿಗೆಲ್ಲ ತಂತಿಬಲೆ ಬಿಗಿಸಿದ. ಸೂರ್ಯ ಮುಳುಗಿದ ಮೇಲೆ ಯಾರೂ ಹೊರಬರಬಾರದು, ಬರಲೇಬೇಕಾದರೆ ಮುಖಕ್ಕೆ ಮುಸುಕು, ಕೈಗೆ ಗವಸು ಹಾಕಬೇಕು ಎಂದು ಕಟ್ಟುಮಾಡಿದ. ಆ ಸೆಖೆಯಲ್ಲಿ ಮಕ್ಕಳು ಮರಿಗಳೊಡನೆ ಸಂಜೆಯಿಂದ ಮುಂಜಾನೆಯವರೆಗೆ ಒಳಗೇ ಕೂತವರು 112 ಜನ. ಸುತ್ತಲಿನ ಬಲೆಯಿಲ್ಲದ ಮನೆಗಳವರು ಹೆಚ್ಚುಕಡಿಮೆ ಎಲ್ಲರೂ ಮಲಗಿದರು. ಬಲೆಯೊಳಗಿನವರಲ್ಲಿ ಜ್ವರ ಬಂದದ್ದು ಐವರಿಗೆ ಮಾತ್ರ. ಸಾವಿರಾರು ವರ್ಷಗಳಿಂದ ಜನರನ್ನು ಓಡಿಸುತ್ತಿದ್ದ ಬೇಸಿಗೆಯನ್ನು ಅಲ್ಲಿಯೇ ಇದ್ದು ಕಳೆಯಬಹುದು ಎಂಬುದಕ್ಕೆ ಆ ರೈಲ್ವೆ ನೌಕರರು ಪುರಾವೆಯಾದರು. ಪೊಂಟೀನ್ ಜೌಗನ್ನು 1930ರ ದಶಕದಲ್ಲಿ ಒಣಗಿಸಲಾಯಿತು. ಮಹಾಯುದ್ಧದ ಬಳಿಕ ಡಿಡಿಟಿ ಬಂತು. 1970ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಟಲಿಯನ್ನು ಮಲೇರಿಯಾಮುಕ್ತವೆಂದು ಸಾರಿತು.

ಬೇಸಿಗೆಯ ಇನ್ನೊಂದು ಹೆದರಿಕೆ ಕಾಲರಾ. ಅದು ಇದ್ದದ್ದು ಜೌಗಿನಲ್ಲಲ್ಲ, ನಗರದ ಒಡಲಲ್ಲಿ. 1884ರ ಆಗಸ್ಟ್, ಸೆಪ್ಟೆಂಬರ್‌ಗಳಲ್ಲಿ ನೇಪಲ್ಸ್‌ನಲ್ಲಿ ಸಾವಿರಾರು ಜನ ಸತ್ತರು. ಹೆಚ್ಚಿನವರು ಬಂದರಿನ ಹತ್ತಿರದ ಕೆಳಕೇರಿಗಳವರು. ಬೆಳಕು ಗಾಳಿ ಕಾಣದ ಒಂಟಿ ಕೋಣೆಯ ಮನೆಗಳು, ಪಕ್ಕದಲ್ಲೇ ಚರಂಡಿ, ಕುಡಿಯಲು ಅದೇ ನೆಲದೊಳಗಿನ ಬಾವಿನೀರು. ದೊರೆ ಉಂಬೆರ್ಟೊ ಖುದ್ದು ಬಂದು ರೋಗಿಗಳನ್ನು ನೋಡಿಹೋದ. ಮರುವರ್ಷ ಸೆರಿನೊ ಬೆಟ್ಟಗಳಿಂದ ನಗರಕ್ಕೆ ಶುದ್ಧ ನೀರು ಹರಿದು ಬಂತು. ಹಳೆಯ ಕೇರಿಗಳನ್ನು ಸೀಳಿ ವಿಶಾಲವಾದ ರಸ್ತೆಯೊಂದನ್ನು ಮಾಡಿ, ಅದಕ್ಕೆ ದೊರೆಯ ಹೆಸರನ್ನೇ ಇಟ್ಟರು. ಇಕ್ಕೆಲದಲ್ಲಿ ಎದ್ದ ಹೊಸ ಮನೆಗಳ ಬಾಡಿಗೆ ಕೊಡುವ ಶಕ್ತಿ ಕೇರಿಯವರಿಗೆ ಇರಲಿಲ್ಲ. ಅವರು ಪಕ್ಕದ ಓಣಿಗಳಲ್ಲಿ ಇನ್ನಷ್ಟು ಒತ್ತೊತ್ತಾಗಿ ಸೇರಿಕೊಂಡರು.

1911ರ ಬೇಸಿಗೆಯಲ್ಲಿ ಕಾಲರಾ ಮತ್ತೆ ಬಂದಾಗ ಸರ್ಕಾರ ಸುದ್ದಿಯನ್ನೇ ಮುಚ್ಚಿಟ್ಟಿತು. ಅದು ಇಟಲಿ ಒಂದಾದ 50ನೇ ವರ್ಷದ ಉತ್ಸವದ ಕಾಲ. ಪ್ರವಾಸಿಗರು ಹಿಂದೆಗೆಯಬಾರದು, ಅಮೆರಿಕಕ್ಕೆ ವಲಸೆ ಹೋಗುವವರ ಹಡಗುಗಳು ನಿಲ್ಲಬಾರದು ಎಂಬುದು ಲೆಕ್ಕಾಚಾರ. 1973ರ ಆಗಸ್ಟ್ ಕೊನೆಯಲ್ಲಿ ಅದೇ ರೋಗ ಇನ್ನೊಮ್ಮೆ ತಲೆ ಎತ್ತಿತು. ಈ ಬಾರಿ ಮುಚ್ಚಿಡಲಾಗಲಿಲ್ಲ. ಲಕ್ಷಾಂತರ ಜನ ಲಸಿಕೆಗಾಗಿ ಸಾಲುಗಟ್ಟಿ ನಿಂತರು, ಸಾವು ಹೆಚ್ಚಾಗಲಿಲ್ಲ.

ಅಷ್ಟರಲ್ಲಿ ಬೇಸಿಗೆಯ ಅರ್ಥವೇ ಬದಲಾಗಿತ್ತು. ಕೊಲ್ಲಿಯ ಬಾಯಲ್ಲಿರುವ ಕಾಪ್ರಿ ದ್ವೀಪದಲ್ಲಿ 1826ರ ಆಗಸ್ಟ್‌ನಲ್ಲಿ ಔಗುಸ್ಟ್ ಕೊಪಿಶ್ ಎಂಬ ಜರ್ಮನ್ ಕವಿ, ಸ್ಥಳೀಯರು ಹೆದರಿ ದೂರವಿಟ್ಟಿದ್ದ ಕಡಲಗುಹೆಯೊಂದಕ್ಕೆ ಈಜಿ ಹೋಗಿದ್ದ. ನೀಲಿ ಗುಹೆಯೆಂದು ಅದು ಯುರೋಪಿನಾದ್ಯಂತ ಹೆಸರಾಯಿತು. ಆದರೆ ಬಿಸಿಲಿಗೆ ಮೈಯೊಡ್ಡುವುದು, ಮೈಬಣ್ಣ ಕಂದುವುದು ಅಂತಸ್ತಿನ ಗುರುತಾಗಲು 1920ರ ದಶಕ ಬರಬೇಕಾಯಿತು. ಅಲ್ಲಿಯವರೆಗೆ ಕಂದಿದ ಮೈ ಹೊಲದ ಕೂಲಿಯ ಗುರುತಾಗಿತ್ತು. 1931ರಲ್ಲಿ ಇಟಲಿಯ ರೈಲ್ವೆ ಅಗ್ಗದ ‘ಜನಪ್ರಿಯ ರೈಲು’ಗಳನ್ನು ಬಿಟ್ಟಾಗ ಕಾರ್ಖಾನೆ ಕೆಲಸಗಾರರೂ ಕಡಲು ಕಂಡರು. ಆಗಸ್ಟ್ 15ರ ‘ಫೆರಾಗೊಸ್ತೊ’ ರಜೆ ಅಲ್ಲಿನವರಿಗೆ ದೊಡ್ಡದು. ಚಕ್ರವರ್ತಿ ಅಗಸ್ಟಸ್ ಕ್ರಿ.ಪೂ. 18ರಲ್ಲಿ ಶುರುಮಾಡಿದ ಬಿಡುವಿನ ದಿನಗಳಿಂದ ಆ ಹೆಸರು ಬಂದಿದೆ. ಆ ದಿನಗಳಲ್ಲಿ ನೇಪಲ್ಸ್‌ನ ಎಷ್ಟೋ ಅಂಗಡಿಗಳು ಬಾಗಿಲೆಳೆದು, ಮಾಲೀಕರು ಕಡಲ ದಂಡೆಗೆ ಹೋಗಿರುತ್ತಾರೆ. ದೂರದಿಂದ ಬಂದವರಿಗೆ ಸಿಗುವುದು ಸುಡುವ ಕಲ್ಲುಹಾಸಿನ ಬೀದಿ, ಆಫ್ರಿಕದಿಂದ ಬೀಸುವ ‘ಶಿರೊಕ್ಕೊ’ ಎಂಬ ಬಿಸಿಗಾಳಿ.

ಈಗ ಚಕ್ರ ಮತ್ತೆ ಹಿಂದಕ್ಕೆ ತಿರುಗುತ್ತಿದೆ. 1990ರ ದಶಕದಿಂದ ನಗರಾಡಳಿತ ಮೇ ತಿಂಗಳನ್ನು ‘ಸ್ಮಾರಕಗಳ ಮೇ’ ಎಂದು ಆಚರಿಸಿ ಹಳೆಯ ಕಟ್ಟಡಗಳ ಬಾಗಿಲು ತೆರೆಸುತ್ತಿದೆ. ವೆಸೂವಿಯಸ್ ಹೂತುಹಾಕಿದ ಪಾಂಪೇ ನಗರದ ಅವಶೇಷಗಳಿಗೆ ನೂಕುನುಗ್ಗಲು ವಿಪರೀತವಾಗಿ, 2024ರ ನವೆಂಬರ್‌ನಿಂದ ದಿನಕ್ಕೆ 20,000 ಜನರ ಮಿತಿ ಹಾಕಲಾಗಿದೆ. ಬಿಸಿಲನ್ನೂ ಜನಜಂಗುಳಿಯನ್ನೂ ತಪ್ಪಿಸಬೇಕೆನ್ನುವವರಿಗೆ ಏಪ್ರಿಲ್, ಮೇ ಅಥವಾ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ನಡುವಿನ ದಿನಗಳೇ ಸೂಕ್ತ. ಸೆಪ್ಟೆಂಬರ್ 19 ನಗರದ ಪಾಲಕ ಸಂತ ಜೆನ್ನಾರೊನ ಹಬ್ಬ. ಸೀಸೆಯಲ್ಲಿರುವ ಸಂತನ ಒಣ ರಕ್ತ ಅಂದು ಕರಗುತ್ತದೋ ಇಲ್ಲವೋ ಎಂದು ಪ್ರಧಾನ ಚರ್ಚಿನಲ್ಲಿ ಜನ ಉಸಿರು ಬಿಗಿಹಿಡಿದು ಕಾಯುತ್ತಾರೆ. ಡಿಸೆಂಬರ್‌ನಲ್ಲಿ ಹೋದವರಿಗೆ ಮಳೆ ತಪ್ಪಿದ್ದಲ್ಲ. ಆದರೆ ಸಾನ್ ಗ್ರೆಗೊರಿಯೊ ಅರ್ಮೆನೊ ಬೀದಿಯಲ್ಲಿ ಗೋದಲಿಯ ಬೊಂಬೆ ಮಾಡುವ ಕಸುಬುದಾರರ ಕೈಚಳಕ ನೋಡುವ ಕಾಲ ಅದೇ.

ಪಾಂಪೇ ಹೂತುಹೋದದ್ದು ಯಾವ ಋತುವಿನಲ್ಲಿ ಎಂಬುದೇ ಈಗ ಚರ್ಚೆಯಲ್ಲಿದೆ. ಕ್ರಿ.ಶ. 79ರ ಆಗಸ್ಟ್ 24 ಎಂದು ಕಿರಿಯ ಪ್ಲಿನಿಯ ಪತ್ರದ ಹಸ್ತಪ್ರತಿಗಳ ಆಧಾರದ ಮೇಲೆ ಪಠ್ಯಪುಸ್ತಕಗಳು ಹೇಳುತ್ತಾ ಬಂದಿವೆ. ಅಗೆತದಲ್ಲಿ ಸಿಕ್ಕಿದ್ದು ದಾಳಿಂಬೆಯಂಥ ಶರತ್ಕಾಲದ ಹಣ್ಣುಗಳು, ಮನೆಯೊಳಗೆ ಬೆಂಕಿ ಕಾಯಿಸುವ ಅಗ್ಗಿಷ್ಟಿಕೆಗಳು, ದ್ರಾಕ್ಷಾರಸ ತುಂಬಿ ಬಾಯಿ ಮುಚ್ಚಿದ ಹಂಡೆಗಳು. 2018ರಲ್ಲಿ, ದುರಸ್ತಿ ನಡೆಯುತ್ತಿದ್ದ ಮನೆಯೊಂದರ ಗೋಡೆಯ ಮೇಲೆ ಇದ್ದಲಿನಲ್ಲಿ ಗೀಚಿದ ಒಂದು ತಾರೀಕು ಕಂಡಿತು. ಅಲ್ಲಿ ವರ್ಷ ಬರೆದಿಲ್ಲ. ಹಿಂದಿನ ಯಾವುದೋ ವರ್ಷದ್ದಿರಬಹುದು ಎನ್ನುವವರೂ ಇದ್ದಾರೆ. ಇದ್ದಲಿನ ಗೀಟು ಬಹುಕಾಲ ಬಾಳುವುದಿಲ್ಲ, ಆದ್ದರಿಂದ ಅದು ಸ್ಫೋಟಕ್ಕೆ ಕೆಲವೇ ದಿನ ಮೊದಲು ಯಾರೋ ಗೀಚಿದ್ದು ಎಂಬುದು ಇನ್ನು ಕೆಲವರ ವಾದ. ನಮ್ಮ ಲೆಕ್ಕದಲ್ಲಿ ಆ ತಾರೀಕು ಅಕ್ಟೋಬರ್ 17.