ಕಿಣ್ವಕ್ಕಿಂತ ಮೊದಲು ಬಂದ ಮದ್ದು

ವೈದ್ಯವಿಜ್ಞಾನದ ಚರಿತ್ರೆಯಲ್ಲಿ ನನಗೆ ಬಹು ವಿಚಿತ್ರವಾಗಿ ತೋರಿರುವ ಸಂಗತಿಯೊಂದುಂಟು. ಗುರಿ ಕಣ್ಣಿಗೆ ಬೀಳುವ ಹತ್ತು ವರ್ಷ ಮೊದಲೇ ಬಾಣ ಅಲ್ಲಿ ನಾಟಿತ್ತು.

ಮುಂಬಯಿಯ ಬಡ ಬಸುರಿಯರ ರಕ್ತಹೀನತೆ ಯೀಸ್ಟಿನ ಸಾರದಿಂದ ಗುಣವಾಗುವುದೆಂದು ಆಂಗ್ಲ ವೈದ್ಯೆ ಲೂಸಿ ವಿಲ್ಸ್ 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ಪೋಷಕಕ್ಕೆ ಮುಂದೆ ಫೋಲಿಕ್ ಆಮ್ಲವೆಂಬ ಹೆಸರಾಯಿತು. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯ ಸಿಡ್ನಿ ಫಾರ್ಬರ್ ರೋಗಶಾಸ್ತ್ರಜ್ಞರು; ತೀರಿಹೋದ ಮಕ್ಕಳ ಅಂಗಾಂಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವರ ಕಸುಬು. ಫೋಲಿಕ್ ಆಮ್ಲದ ಸಂಯುಕ್ತಗಳನ್ನು ಪಡೆದ ಮಕ್ಕಳಲ್ಲಿ ರಕ್ತದ ಕ್ಯಾನ್ಸರ್ ಇನ್ನೂ ವೇಗವಾಗಿ ಬೆಳೆದುದನ್ನು ಅವರು ಕಂಡರು. ಉಂಡರೆ ಕೊಬ್ಬುವ ರೋಗ ಉಪವಾಸ ಬಿದ್ದರೆ ಬಾಡಬೇಕಲ್ಲವೆ?

ಉಪವಾಸಕ್ಕೆ ಬೇಕಾದ ಹುಸಿ ಅನ್ನ ಬಂದದ್ದು ಲೆಡರ್ಲೆ ಪ್ರಯೋಗಾಲಯದಿಂದ. ಅಲ್ಲಿ ಸಂಶೋಧನೆಯ ಹೊಣೆ ಹೊತ್ತಿದ್ದವರು 1895ರಲ್ಲಿ ಭೀಮವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅಮಿನೊಪ್ಟೆರಿನ್ ಎಂಬ ಆ ವಸ್ತು ನೋಟಕ್ಕೆ ಫೋಲಿಕ್ ಆಮ್ಲವೇ. ಒಂದು ಮೂಲೆ ಮಾತ್ರ ಬೇರೆ. 1948ರ ಜೂನಿನಲ್ಲಿ ಫಾರ್ಬರ್ ವರದಿಮಾಡಿದರು: 16 ಮಕ್ಕಳಲ್ಲಿ 10 ಮಂದಿ ಚೇತರಿಸಿಕೊಂಡಿದ್ದರು. ಆದರೆ ಆ ಚೇತರಿಕೆ ತಿಂಗಳುಗಳ ಮಾತು, ರೋಗ ಮರಳಿತು. ಅದೇ ಆಗಸ್ಟಿನಲ್ಲಿ ಸುಬ್ಬರಾವ್ ತೀರಿಕೊಂಡರು. ಈ ಕಥೆ ಹೇಳುವವರು ಅವರ ಹೆಸರನ್ನು ಇಷ್ಟು ಸುಲಭವಾಗಿ ಮರೆಯಬಾರದಿತ್ತು ಎಂದು ನನಗನ್ನಿಸುತ್ತದೆ.

ಮದ್ದು ನಾಟುತ್ತಿದ್ದುದು ಒಂದು ಕಿಣ್ವಕ್ಕೆ ಎಂಬುದು 1958ರಲ್ಲಿ ಸ್ಪಷ್ಟವಾಯಿತು. ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಹೆಸರಿಗೆ ಬೆದರಬೇಕಾಗಿಲ್ಲ. ಜೀವಕೋಶ ಇಬ್ಭಾಗವಾಗುವ ಮುನ್ನ ತನ್ನ ಡಿಎನ್ಎಯನ್ನು ಹೊಸದಾಗಿ ಹೆಣೆಯಬೇಕು. ಆ ಹೆಣಿಗೆಯಲ್ಲಿ ಫೋಲೇಟ್ ಸೂಜಿಯಿದ್ದಂತೆ. ನೂಲು ಮುಗಿದ ಸೂಜಿಯನ್ನು ಮತ್ತೆ ಕೆಲಸಕ್ಕೆ ಅಣಿಗೊಳಿಸುವ ಕೈಯೇ ಈ ಕಿಣ್ವ. ಹುಸಿ ಅಣು ಆ ಕೈಯನ್ನು ಬಿಗಿಯಾಗಿ ಕಟ್ಟಿಬಿಡುತ್ತದೆ. ಬೇಗಬೇಗನೆ ಬೆಳೆಯುವ ಬಾಯಿಯ, ಕರುಳಿನ ಕೋಶಗಳಿಗೂ ಅದೇ ಗತಿ. ರೋಗಿಯ ಬಾಯಿಹುಣ್ಣು ಅದರ ಬೆಲೆ.

ರೋಗ ಮದ್ದಿಗೆ ಬಗ್ಗದಂತಾಗುವ ಒಂದು ಬಗೆಯೂ ಈ ಕಿಣ್ವದಿಂದಲೇ ತಿಳಿಯಿತು. ಅಮಿನೊಪ್ಟೆರಿನ್ನಿನ ಒಡಹುಟ್ಟಾದ ಮೆಥೊಟ್ರೆಕ್ಸೇಟಿಗೆ ಮಣಿಯದ ಇಲಿಯ ಗಂತಿಕೋಶಗಳನ್ನು ಅಮೆರಿಕದ ರಾಬರ್ಟ್ ಶಿಮ್ಕೆ ತಂಡದವರು ಪರೀಕ್ಷಿಸಿ 1978ರಲ್ಲಿ ಪ್ರಕಟಿಸಿದರು: ಆ ಕೋಶಗಳು ಕಿಣ್ವದ ಜೀನನ್ನೇ ಹಲವು ಪಟ್ಟು ಹೆಚ್ಚಿಸಿಕೊಂಡಿದ್ದವು. ಒಂದು ಕೈ ಕಟ್ಟಿದರೆ ಹತ್ತು ಕೈ! ಮಕ್ಕಳ ರಕ್ತದ ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟನ್ನು ಇಂದಿಗೂ ಕೊಡುತ್ತಾರೆ, ಒಂಟಿಯಾಗಿ ಅಲ್ಲ, ಹಲವು ಮದ್ದುಗಳ ಜೊತೆಗೂಡಿಸಿ.